ಅಮೃತಬಳ್ಳಿ ಗುರುತಿಸಬೇಕಾ? ಎಲೆ ಬಿಡಿ, ಕಾಂಡ ಹಿಡಿಯಿರಿ

ಕೊರೊನಾ ಬಂದಮೇಲೆ ಹೃದಯದಾಕಾರದ ಎಲೆ ಕಂಡರೆ ಸಾಕು, ಅಮೃತಬಳ್ಳಿ ಅಂತ ಕಿತ್ತು ಕಷಾಯ ಕುದಿಸುವವರು ಜಾಸ್ತಿಯಾದರು. ವೀಳ್ಯದೆಲೆಯೂ ಅದೇ ಆಕಾರ ಅಲ್ವಾ?

ಮೊದಲು ಜಾಗ. ಇದಕ್ಕಾಗಿ ದಟ್ಟ ಕಾಡು ಹೊಗಬೇಕಿಲ್ಲ. ಹೊಲದ ಬೇಲಿ, ಕುರುಚಲು ಕಾಡು, ಬೇವು, ಮಾವಿನ ಮರ ನೋಡಿ. ಮೇಲಿನಿಂದ ದಾರದಂಥ ಬೇರುಗಳು ನೇತಾಡುತ್ತಿದ್ದರೆ ಹತ್ತಿರ ಹೋಗಿ.

ಎಲೆಯಿಂದ ಆಗುವ ಉಪಯೋಗ ಇಷ್ಟೇ: ನೋಡಲು ಇದರಂತೆಯೇ ಇರುವ ಹಾಡೆಬಳ್ಳಿಯನ್ನು ಬೇರೆ ಮಾಡಬಹುದು. ಹಾಡೆಬಳ್ಳಿಯ ತೊಟ್ಟು ಅಂಚಿನಲ್ಲಲ್ಲ, ಸ್ವಲ್ಪ ಒಳಗೆ, ಎಲೆಯ ಅಡಿಗೆ ಅಂಟಿರುತ್ತದೆ. ಅಮೃತಬಳ್ಳಿಯದು ಅಂಚಿನ ಕಚ್ಚಿನಲ್ಲೇ ಸೇರುತ್ತದೆ.

ಈಗ ಕಾಂಡ. ಎಲ್ಲರೂ ಎಡವುವುದು ಇಲ್ಲೇ. ಎಳೆ ಕುಡಿ ನೋಡಬೇಡಿ, ಹೆಬ್ಬೆರಳಿನಷ್ಟಾದರೂ ದಪ್ಪ ಇರುವ ಹಳೇ ಕಾಂಡವನ್ನೇ ಹುಡುಕಿ. ಮೇಲೆ ತೆಳ್ಳನೆ ಕಾಗದದಂಥ ಸಿಪ್ಪೆ ಇರುತ್ತದೆ. ಉಗುರಿನಲ್ಲಿ ಕೆರೆದರೆ ಅದು ಸುಲಿದು ಬಂದು ಒಳಗೆ ಹಸಿರು ಕಾಣಬೇಕು. ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ಅಮೃತಬಳ್ಳಿಯ ಮೇಲೂ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಕಾಂಡದ ತುಂಬ ನರೂಲಿಯಂಥ ಗಂಟುಗಳು ಒತ್ತೊತ್ತಾಗಿ ಕೈಗೆ ಸಿಕ್ಕರೆ ಅದು ಟಿನೋಸ್ಪೋರಾ ಕ್ರಿಸ್ಪಾ, ಇದೇ ಕುಲದ ಇನ್ನೊಂದು ಬಳ್ಳಿ. ಅದನ್ನು ಕುಡಿದು ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ, ಕೇಂದ್ರ ಆಯುಷ್ ಸಚಿವಾಲಯವೂ 2022ರಲ್ಲಿ ಇವೆರಡರ ವ್ಯತ್ಯಾಸ ನೋಡಿಕೊಳ್ಳಿ ಅಂತ ಹೇಳಿತ್ತು. ಕತ್ತರಿಸಿದಾಗ ಹಾಲಿನಂಥ ರಸ ಬಂದರೂ ಅನುಮಾನಪಡಿ. ಅಮೃತಬಳ್ಳಿಯಲ್ಲಿ ಅದಿಲ್ಲ. ಅಡ್ಡ ಕೊಯ್ದ ಭಾಗದಲ್ಲಿ ಗಾಡಿ ಚಕ್ರದ ಕಡ್ಡಿಗಳ ಹಾಗೆ ನಡುವಿನಿಂದ ಗೆರೆಗಳು ಹರಡಿರುತ್ತವೆ.

ಬಾಯಿಗೆ ಹಾಕಿ ಪರೀಕ್ಷೆ ಮಾಡುವ ಅಭ್ಯಾಸ ಬಿಟ್ಟುಬಿಡಿ. ಅಮೃತಬಳ್ಳಿ, ಕ್ರಿಸ್ಪಾ ಎರಡೂ ಕಹಿಯೇ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎಲೆಯ ಫೋಟೊ ಹಾಕಿದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳನ್ನೂ ಇದೊಂದಕ್ಕೆ ನಂಬಬೇಡಿ, ಅವು ಗಂಟು ಮುಟ್ಟಿ ನೋಡುವುದಿಲ್ಲವಲ್ಲ. ಪುಡಿ ಪ್ಯಾಕೆಟ್ ಕೊಂಡರಂತೂ ನೋಡಲು ಕಾಂಡವೇ ಇರುವುದಿಲ್ಲ.

ಕೊನೆಗೆ ಹಣ್ಣು. ಅಮೃತಬಳ್ಳಿಯದು ಉರುಟಾಗಿ ಕೆಂಪಗಿರುತ್ತದೆ, ಕ್ರಿಸ್ಪಾದ್ದು ಉದ್ದುರುಟು, ಕಿತ್ತಳೆ ಬಣ್ಣ. ಅಮೃತಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹಾಗಾಗಿ ನಿಮ್ಮ ಬೇಲಿಯದು ಗಂಡು ಬಳ್ಳಿಯಾದರೆ ಎಷ್ಟು ವರ್ಷ ಕಾದರೂ ಹಣ್ಣು ಬಿಡುವುದಿಲ್ಲ, ಆಗ ಕಾಂಡದ ಲೆಕ್ಕವೇ ಗತಿ.