ಕಂಬಳದ ಕೋಣವನ್ನು ಕಾಳಗದ ಆಟಕ್ಕೆ ಇಳಿಸಿದ ಬಗೆ: ನನ್ನ ಅನುಭವ

ರೈವಲ್ಸ್ ಆಫ್ ಈಥರ್ ಎಂಬ ವಿಡಿಯೋ ಗೇಮ್‌ಗೆ ಒಂದು ಕೋಣವನ್ನು ಪಾತ್ರವಾಗಿ ಸೇರಿಸಬೇಕೆಂದು ಹೊರಟಾಗ ನನಗೆ ಪ್ರೋಗ್ರಾಮಿಂಗ್ ಒಂದಿಷ್ಟು ಬರುತ್ತಿತ್ತು, ಚಿತ್ರ ಬರೆಯುವುದು ಅಷ್ಟಕ್ಕಷ್ಟೇ ಆಗಿತ್ತು, ಎರಡು ತಿಂಗಳಲ್ಲಿ ಮುಗಿಸಿಬಿಡುತ್ತೇನೆ ಎಂಬ ಧೈರ್ಯ ಮಾತ್ರ ಧಾರಾಳವಾಗಿತ್ತು. ಕೆಲಸ ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಚಿತ್ರಕ್ಕೆ ಹೋದದ್ದು ಅರ್ಧ. ಉಳಿದ ಅರ್ಧವೆಲ್ಲ ಕೆಸರಿಗೆ ಹೋಯಿತು.

ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಇದು ಪ್ಲಾಟ್‌ಫಾರ್ಮ್ ಫೈಟರ್ ಜಾತಿಯ ಆಟ. ಎದುರಾಳಿಯ ಪ್ರಾಣದ ಪಟ್ಟಿಯನ್ನು ಸೊನ್ನೆಗೆ ಇಳಿಸುವ ಬದಲು ಅವನನ್ನು ಅಂಕಣದಿಂದಾಚೆ ಚಿಮ್ಮಿಸಿ ಹೊರಗೆ ಹಾಕಬೇಕು. ಪೆಟ್ಟು ತಿಂದಷ್ಟೂ ಶೇಕಡಾ ಲೆಕ್ಕ ಏರುತ್ತದೆ, ಲೆಕ್ಕ ಏರಿದಷ್ಟೂ ಮುಂದಿನ ಹೊಡೆತಕ್ಕೆ ಹೆಚ್ಚು ದೂರ ಹಾರಿಹೋಗುತ್ತಾನೆ. ಡ್ಯಾನ್ ಫೋರ್ನೇಸ್ ಎಂಬುವರು ಗೇಮ್‌ಮೇಕರ್ ಎಂಬ ತಂತ್ರಾಂಶದಲ್ಲಿ ಇದನ್ನು ಕಟ್ಟತೊಡಗಿ, 2017ರ ಮಾರ್ಚ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದರು. ಆಗ ಇದ್ದದ್ದು ಎಂಟು ಪಾತ್ರಗಳು. ಬೆಂಕಿ, ನೀರು, ಗಾಳಿ, ಮಣ್ಣು ಎಂಬ ನಾಲ್ಕು ಧಾತುಗಳಿಗೆ ಎರಡೆರಡರಂತೆ, ಎಲ್ಲವೂ ಪ್ರಾಣಿಗಳೇ. ನಿಂಟೆಂಡೊ ಕಂಪನಿಯ ಸ್ಮ್ಯಾಶ್ ಸರಣಿಯನ್ನು ಆಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಇಲ್ಲಿ ಇಲ್ಲದಿರುವ ಸಂಗತಿಗಳು: ಗುರಾಣಿ ಹಿಡಿಯುವಂತಿಲ್ಲ, ಎದುರಾಳಿಯನ್ನು ಹಿಡಿದೆತ್ತಿ ಎಸೆಯುವಂತಿಲ್ಲ, ಅಂಕಣದ ಅಂಚಿಗೆ ಜೋತುಬೀಳುವಂತೆಯೂ ಇಲ್ಲ. ಗುರಾಣಿಗೆ ಬದಲಾಗಿ ಪ್ಯಾರಿ ಇದೆ. ಹೊಡೆತ ತಾಗುವ ಕ್ಷಣಕ್ಕೆ ಸರಿಯಾಗಿ ಒತ್ತಿದರೆ ಹೊಡೆದವನೇ ದಂಗಾಗಿ ನಿಲ್ಲುತ್ತಾನೆ, ತಪ್ಪಿದರೆ ನಾವೇ ಬರಿಮೈಯಲ್ಲಿ ಸಿಕ್ಕಿಬೀಳುತ್ತೇವೆ. ಒಬ್ಬನೇ ಕೂತು ಚಿತ್ರ ಬರೆಯುವವನಿಗೆ ಈ ಇಲ್ಲಗಳೆಲ್ಲ ವರವೇ, ಏಕೆಂದರೆ ಹಿಡಿಯುವ, ಎಸೆಯುವ, ಜೋತುಬೀಳುವ ಭಂಗಿಗಳನ್ನು ಬರೆಯುವ ಕೆಲಸವೇ ಇರುವುದಿಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ವರ್ಕ್‌ಶಾಪ್ ವಿಭಾಗದ ಮೂಲಕ ಯಾರು ಬೇಕಾದರೂ ತಮ್ಮ ಪಾತ್ರವನ್ನು ಈ ಆಟಕ್ಕೆ ಸೇರಿಸಬಹುದೆಂದು ತಿಳಿದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಮೂಲ ಪಾತ್ರಗಳನ್ನು ಒಂದೊಂದಾಗಿ ಆಡಿ, ಧಾತು ಎಂಬುದು ಅವುಗಳಲ್ಲಿ ನಿಜವಾಗಿ ಏನು ಮಾಡುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ಸಿಂಹ ಝೆಟರ್‌ಬರ್ನ್ ಎದುರಾಳಿಗೆ ಬೆಂಕಿ ಹಚ್ಚಿ ಬಿಡುತ್ತದೆ. ಆ ಬೆಂಕಿ ಉರಿಯುತ್ತಿರುವಾಗಲೇ ಭಾರಿ ಹೊಡೆತ ಬಿದ್ದರೆ ಅದರ ಬಲ ಹೆಚ್ಚುತ್ತದೆ. ಓರ್ಕೇನ್ ನೆಲದ ಮೇಲೆ ನೀರಿನ ಮಡುವೊಂದನ್ನು ಬಿಟ್ಟು, ಬೇಕಾದಾಗ ಆ ಮಡುವಿನಿಂದಲೇ ಎದ್ದುಬರುತ್ತದೆ. ಜೀರುಂಡೆ ಕ್ರ್ಯಾಗ್ ನೆಲದಿಂದ ಬಂಡೆ ಕಿತ್ತು ಎಸೆಯುತ್ತದೆ, ಬೀಳುವ ಹೊತ್ತಿಗೆ ತನ್ನ ಕಾಲಡಿಗೆ ಕಲ್ಲಿನ ಕಂಬವನ್ನೇ ಎಬ್ಬಿಸಿಕೊಳ್ಳುತ್ತದೆ. ಹಿಮಕರಡಿ ಎಟಾಲಸ್ ನೆಲಕ್ಕೆ ಹಿಮ ಹಾಸಿ ಅದರ ಮೇಲೆ ಜಾರುತ್ತದೆ, ಅದೇ ಹಿಮವನ್ನು ಮೈಗೆ ಎಳೆದುಕೊಂಡು ಕವಚ ಮಾಡಿಕೊಳ್ಳುತ್ತದೆ. ಹಕ್ಕಿ ರ‍್ಯಾಸ್ಟರ್ ತನ್ನ ಭಾರಿ ಹೊಡೆತಗಳನ್ನು ಆಕಾಶದಲ್ಲಿಯೇ ಹೊಡೆಯುತ್ತದೆ. ಪುಟ ತುಂಬುವ ಹೊತ್ತಿಗೆ ಒಂದು ವಿಷಯ ಖಚಿತವಾಯಿತು. ಧಾತುವನ್ನು ಬಣ್ಣವಾಗಿ ಮಾತ್ರ ಬಳಿದ ಪಾತ್ರ ಒಂದೂ ಇಲ್ಲ. ಪ್ರತಿಯೊಂದು ಧಾತುವೂ ಅಂಕಣದ ಮೇಲೋ ಎದುರಾಳಿಯ ಮೈಮೇಲೋ ಏನನ್ನಾದರೂ ಉಳಿಸಿಹೋಗುತ್ತದೆ, ಆಮೇಲೆ ಇಬ್ಬರೂ ಅದನ್ನು ಲೆಕ್ಕಕ್ಕೆ ಹಿಡಿದೇ ಆಡಬೇಕಾಗುತ್ತದೆ. ವರ್ಕ್‌ಶಾಪಿನಲ್ಲಿ ನಾನು ಇಳಿಸಿಕೊಂಡು ನೋಡಿದ ಎಷ್ಟೋ ಪಾತ್ರಗಳು ಅಂದವಾಗಿದ್ದೂ ಸಪ್ಪೆಯೆನಿಸಿದ್ದು ಇದೇ ಕಾರಣಕ್ಕೆ.

ನನ್ನ ಊರು ಕಾರ್ಕಳದ ಕಡೆ. ಕೆಸರು ಎಂದರೆ ಓಟ ಎಂದು ಅರ್ಥವಾಗುವ ಊರಿನವನಿಗೆ ಬೇರೆ ಪ್ರಾಣಿಯನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. ಕಂಬಳದ ಕರೆಯಲ್ಲಿ, ಎಂದರೆ ಓಟದ ಕೆಸರುಗದ್ದೆಯಲ್ಲಿ, ಮನುಷ್ಯ ಹೆಜ್ಜೆ ಕಿತ್ತಿಡಲು ಒದ್ದಾಡುತ್ತಾನೆ, ಕೋಣಗಳು ಅದೇ ಕೆಸರನ್ನು ಸೀಳಿಕೊಂಡು ಹೋಗುತ್ತವೆ. ಒಂದೇ ಕೆಸರು ಇಬ್ಬರಿಗೆ ಎರಡು ಬಗೆ: ಎದುರಾಳಿಗೆ ತಡೆ, ಕೋಣಕ್ಕೆ ವೇಗ. ಎಟಾಲಸ್‌ನ ಹಿಮಕ್ಕೂ ಇದಕ್ಕೂ ನೆಂಟಸ್ತಿಕೆ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದ್ದರಿಂದಲೇ ಕೆಸರಿಗೆ ಆಯುಷ್ಯ ಕಟ್ಟಿದೆ: ಅಂಕಣದ ಮೇಲೆ ಒಮ್ಮೆಗೆ ಮೂರೇ ತುಂಡು ಕೆಸರು, ಎಂಟು ಸೆಕೆಂಡಿಗೆ ಅದು ಒಣಗಬೇಕು, ಕೋಣ ತನ್ನ ಭಾರಿ ಹೊಡೆತಕ್ಕೆ ಬಳಸಿದರೆ ಅಲ್ಲಿಗೇ ಮುಗಿಯಬೇಕು.

ಚಿತ್ರದ ಕೆಲಸವನ್ನು ಹೆಚ್ಚು ಬೆಳೆಸುವುದಿಲ್ಲ. ಒಂದು ಚಲನೆಯ ಎಲ್ಲ ಭಂಗಿಗಳನ್ನೂ ಅಡ್ಡಸಾಲಿನಲ್ಲಿ ಒಂದೇ ಕಡತದಲ್ಲಿ ಬರೆದು, ಕಡತದ ಹೆಸರಿನ ಕೊನೆಗೆ ಭಂಗಿಗಳ ಸಂಖ್ಯೆಯನ್ನು ಕೊಡಬೇಕು. ಓಟಕ್ಕೆ ಎಂಟು ಭಂಗಿ ಇದ್ದರೆ ‘ಸ್ಟ್ರಿಪ್ 8’. ಒಂದು ಸಲ ಏಳು ಭಂಗಿಗಳನ್ನು ಬರೆದು ಎಂಟು ಎಂದು ಹೆಸರಿಟ್ಟಾಗ ಕೋಣದ ತಲೆ ಒಂದು ಚೌಕದಲ್ಲಿಯೂ ಬಾಲ ಇನ್ನೊಂದು ಚೌಕದಲ್ಲಿಯೂ ಬಂದು, ಕಟುಕನ ಅಂಗಡಿಯ ನೋಟವಾಗಿತ್ತು. ಆಟ ಈ ಚಿತ್ರಗಳನ್ನು ಎರಡು ಪಟ್ಟು ಹಿಗ್ಗಿಸಿ ತೋರಿಸುವುದರಿಂದ ಬರೆಯುವಾಗ ಕೋಣ ಹೆಬ್ಬೆರಳಿನಷ್ಟೇ ಇರುತ್ತದೆ. ಅಷ್ಟರಲ್ಲಿ ಕೊಂಬು, ಗೊರಸು, ನೊಗ ಎಲ್ಲವೂ ಗುರುತು ಸಿಗಬೇಕು. ನೊಗವನ್ನು ಮೂರನೇ ವಾರ ಕೈಬಿಟ್ಟೆ. ಕೊಂಬನ್ನು ನಿಜಕ್ಕಿಂತ ಒಂದೂವರೆಯಷ್ಟು ದೊಡ್ಡದು ಮಾಡಿದೆ, ಏಕೆಂದರೆ ಹೊಡೆತ ಎಲ್ಲಿಂದ ಬರುತ್ತಿದೆಯೆಂದು ಎದುರಾಳಿಗೆ ಮೊದಲೇ ಕಾಣದಿದ್ದರೆ ಅದು ಮೋಸದಂತೆ ಅನಿಸುತ್ತದೆ.

ಹೊಡೆತ ಕಟ್ಟುವುದು ಬೇರೆಯೇ ವಿದ್ಯೆ. ಆಟ ಸೆಕೆಂಡಿಗೆ ಅರವತ್ತು ಫ್ರೇಮ್‌ಗಳ ಲೆಕ್ಕದಲ್ಲಿ ನಡೆಯುತ್ತದೆ. ಪ್ರತಿ ಹೊಡೆತವನ್ನೂ ವಿಂಡೋಗಳೆಂಬ ತುಂಡುಗಳಾಗಿ ಒಡೆಯಬೇಕು: ಕೈ ಎತ್ತುವ ಹೊತ್ತು, ಪೆಟ್ಟು ತಾಗುವ ಹೊತ್ತು, ಸಾವರಿಸಿಕೊಳ್ಳುವ ಹೊತ್ತು. ಪೆಟ್ಟು ತಾಗುವ ಹೊತ್ತಿನಲ್ಲಿ ಹಿಟ್‌ಬಾಕ್ಸ್ ಎಂಬ ಕಾಣದ ಆಕೃತಿ ಎಲ್ಲಿರಬೇಕು, ಎಷ್ಟು ಫ್ರೇಮ್ ಬದುಕಬೇಕು, ಯಾವ ಕೋನಕ್ಕೆ ಎಸೆಯಬೇಕು, ಮೂಲ ಬಲವೆಷ್ಟು, ಶೇಕಡಾ ಏರಿದಂತೆ ಬಲ ಎಷ್ಟು ಬೆಳೆಯಬೇಕು ಎಂದು ಒಂದೊಂದಾಗಿ ಅಂಕಿ ಕೊಡಬೇಕು. ಕೋಣದ ಕೊಂಬಿನ ಭಾರಿ ಹೊಡೆತಕ್ಕೆ ನಾನು ಮೊದಲು ಕೊಟ್ಟಿದ್ದ ತಯಾರಿಯ ಹೊತ್ತು ಒಂಬತ್ತು ಫ್ರೇಮ್. ತೂಕದ ಪ್ರಾಣಿ ಸೊಳ್ಳೆಯಂತೆ ಚುಚ್ಚುತ್ತಿತ್ತು. ಹದಿನಾರಕ್ಕೆ ಏರಿಸಿ, ಅದರಲ್ಲಿ ಮೊದಲ ಹತ್ತು ಫ್ರೇಮ್ ತಲೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಒಂದೇ ಭಂಗಿಯನ್ನು ನಿಲ್ಲಿಸಿದಾಗ ಮೊದಲ ಬಾರಿಗೆ ಕೋಣಕ್ಕೆ ಭಾರ ಬಂತು. ಚಿತ್ರದಲ್ಲಿ ಒಂದು ಗೆರೆಯನ್ನೂ ನಾನು ಬದಲಿಸಿರಲಿಲ್ಲ. ಹೊಡೆತ ಗಾಳಿಗೆ ಹೋದರೆ ಸಾವರಿಸಿಕೊಳ್ಳುವ ಹೊತ್ತನ್ನು ಒಂದೂವರೆ ಪಟ್ಟು ಹಿಗ್ಗಿಸುವ ಸೌಲಭ್ಯವೂ ಆಟದಲ್ಲೇ ಇದೆ. ಅದನ್ನು ಹಾಕಿದ ಮೇಲೆ ಕಣ್ಣುಮುಚ್ಚಿ ಕೊಂಬು ಬೀಸುವವರಿಗೆ ತಕ್ಕ ಶಾಸ್ತಿಯಾಗತೊಡಗಿತು.

ಇನ್ನು ತಪ್ಪುಗಳ ಕಥೆ. ಗೇಮ್‌ಮೇಕರ್‌ನಲ್ಲಿ ಲಂಬದ ಲೆಕ್ಕ ಮೇಲಿನಿಂದ ಕೆಳಕ್ಕೆ ಏರುತ್ತದೆ, ಆದ್ದರಿಂದ ಮೇಲಕ್ಕೆ ನೆಗೆಯಬೇಕಾದರೆ ಋಣಸಂಖ್ಯೆ ಕೊಡಬೇಕು. ಶಾಲೆಯ ಗ್ರಾಫ್ ಕಾಗದದ ಅಭ್ಯಾಸ ಬಿಡದೆ ನಾನು ಧನಸಂಖ್ಯೆ ಕೊಟ್ಟೆ. ರಕ್ಷಿಸಿಕೊಳ್ಳಲು ಮೇಲಕ್ಕೆ ಹಾರಬೇಕಾದ ಕೋಣ ಬಾಣದಂತೆ ಪಾತಾಳಕ್ಕೆ ಇಳಿಯಿತು. ಇನ್ನೊಂದು ಸಲ, ಮುಂದಕ್ಕೆ ನುಗ್ಗುವ ವೇಗವನ್ನು ಪಾತ್ರ ಮುಖ ಮಾಡಿರುವ ದಿಕ್ಕಿನಿಂದ ಗುಣಿಸಲು ಮರೆತು, ಎಡಕ್ಕೆ ಮುಖ ಮಾಡಿದ ಕೋಣ ಹಿಮ್ಮುಖವಾಗಿ ಬಲಕ್ಕೆ ನುಗ್ಗುತ್ತಿತ್ತು. ಇವೆರಡೂ ಐದು ನಿಮಿಷದ ತಪ್ಪುಗಳು.

ಎರಡು ವಾರ ನುಂಗಿದ ತಪ್ಪು ಬೇರೆ. ಗೊರಸನ್ನು ನೆಲಕ್ಕೆ ಅಪ್ಪಳಿಸುವ ಎರಡನೇ ವಿಂಡೋದ ಮೂರನೇ ಫ್ರೇಮ್‌ನಲ್ಲಿ ಒಂದು ತುಂಡು ಕೆಸರು ಹುಟ್ಟಬೇಕೆಂದು ಬರೆದಿದ್ದೆ. ಖಾಲಿ ಅಂಕಣದಲ್ಲಿ ಎಲ್ಲವೂ ಸರಿಯಾಗಿತ್ತು. ಎದುರಾಳಿಗೆ ಪೆಟ್ಟು ತಾಗಿದಾಗ ಮಾತ್ರ ಒಂದರ ಮೇಲೊಂದು ಹತ್ತು ಹನ್ನೆರಡು ತುಂಡುಗಳು ಹುಟ್ಟಿ, ಮೂರರ ಮಿತಿಯನ್ನು ಮೀರಿ, ಹಳೆಯ ಕೆಸರೆಲ್ಲ ಮಾಯವಾಗಿಬಿಡುತ್ತಿತ್ತು. ಕಾರಣ ತಿಳಿದಾಗ ನಗು ಬಂತು. ಪೆಟ್ಟು ತಾಗಿದ ಕ್ಷಣ ಇಬ್ಬರನ್ನೂ ಕೆಲವು ಫ್ರೇಮ್ ಕಲ್ಲಿನಂತೆ ನಿಲ್ಲಿಸಿ ಪೆಟ್ಟಿನ ಭಾರವನ್ನು ತೋರಿಸುವ ಹಿಟ್‌ಪಾಸ್ ಎಂಬುದೊಂದಿದೆ. ಆ ಹೊತ್ತಿನಲ್ಲಿ ಹೊಡೆತದ ಗಡಿಯಾರ ನಿಲ್ಲುತ್ತದೆ, ಆದರೆ ನಾವು ಬರೆದ ಪ್ರೋಗ್ರಾಮ್ ಪ್ರತಿ ಫ್ರೇಮ್‌ಗೂ ಓಡುತ್ತಲೇ ಇರುತ್ತದೆ. ಗಡಿಯಾರ ಮೂರರಲ್ಲಿಯೇ ನಿಂತಿರುವಷ್ಟು ಹೊತ್ತೂ ‘ಈಗ ಮೂರು, ಕೆಸರು ಹಾಕು’ ಎಂಬ ಆಜ್ಞೆ ಮರುಕಳಿಸುತ್ತಿತ್ತು. ಹಿಟ್‌ಪಾಸ್ ಇಲ್ಲದಾಗ ಮಾತ್ರ ಎಂಬ ಒಂದು ಷರತ್ತು ಸೇರಿಸಿದೊಡನೆ ರೋಗ ವಾಸಿಯಾಯಿತು. ವರ್ಕ್‌ಶಾಪಿಗೆ ಪಾತ್ರ ಬರೆಯುವವರು ಈ ಷರತ್ತನ್ನು ಮೊದಲ ದಿನವೇ ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಕೆಸರು ಹುಟ್ಟುವುದಾಯಿತು, ಅದು ತಡೆಯುವುದೆಷ್ಟು ಎಂಬುದು ಉಳಿಯಿತು. ಕೆಸರಿನಲ್ಲಿರುವ ಎದುರಾಳಿಯ ವೇಗವನ್ನು ಪ್ರತಿ ಫ್ರೇಮ್‌ಗೆ 0.9ರಿಂದ ಗುಣಿಸಿದೆ, ಹತ್ತರಲ್ಲಿ ಒಂದಂಶ ತಾನೇ ಎಂಬ ಧೈರ್ಯದಿಂದ. ಆದರೆ ಇದು ಚಕ್ರಬಡ್ಡಿಯ ಲೆಕ್ಕ. ವೇವ್‌ಡ್ಯಾಶ್ ಎಂಬ ತಂತ್ರದಿಂದ ನೆಲದ ಮೇಲೆ ಜಾರುತ್ತ ಬಂದವನ ವೇಗ ಹತ್ತು ಫ್ರೇಮ್‌ಗಳಲ್ಲಿ, ಎಂದರೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ, ಮೂರನೇ ಒಂದಂಶಕ್ಕೆ ಕುಸಿದು, ಅವನು ಬೆಲ್ಲಕ್ಕೆ ಅಂಟಿದ ನೊಣದಂತೆ ನಿಂತುಬಿಡುತ್ತಿದ್ದ. 0.97ಕ್ಕೆ ಏರಿಸಿದಾಗ ಅದೇ ಹತ್ತು ಫ್ರೇಮ್‌ಗೆ ಸುಮಾರು ಮುಕ್ಕಾಲು ವೇಗ ಉಳಿಯುತ್ತದೆ. ಕಾಲು ಎಳೆಯುತ್ತದೆ, ಆದರೆ ಕಟ್ಟಿಹಾಕುವುದಿಲ್ಲ. ಕೋಣದ ಸ್ವಂತ ಓಟದ ವೇಗವನ್ನು ಏರಿಸುವಾಗ ಇನ್ನೊಂದು ಎಡವಟ್ಟಾಯಿತು. ಕೆಸರಿಗೆ ಇಳಿದಾಗ ವೇಗ ಹೆಚ್ಚಿಸಿ, ಹೊರಬಂದಾಗ ಇಳಿಸುವಂತೆ ಬರೆದಿದ್ದೆ. ಕೆಸರಿನಲ್ಲಿದ್ದಾಗಲೇ ಪೆಟ್ಟು ತಿಂದು ಸತ್ತು ಮರಳಿ ಬಂದ ಕೋಣಕ್ಕೆ ಹೆಚ್ಚಿನ ವೇಗ ಶಾಶ್ವತವಾಗಿ ಅಂಟಿಕೊಂಡಿತ್ತು. ಪ್ರತಿ ಫ್ರೇಮ್‌ನ ಆರಂಭದಲ್ಲಿಯೇ ಮೂಲ ವೇಗಕ್ಕೆ ತಂದು, ಕೆಸರಿದ್ದರೆ ಮಾತ್ರ ಏರಿಸುವುದೇ ಸರಿಯಾದ ದಾರಿ.

ಪರೀಕ್ಷೆಗೆ ನನಗೆ ಸಿಕ್ಕವನು ಚಿಕ್ಕಮ್ಮನ ಮಗ. ಪಿಯುಸಿ ಓದುತ್ತಿದ್ದ, ರಜೆಗೆಂದು ಬೆಂಗಳೂರಿನ ನನ್ನ ಕೋಣೆಗೆ ಬಂದಿದ್ದ. ಮೊದಲ ಸಂಜೆಯೇ ತೀರ್ಪು ಕೊಟ್ಟ: “ಅಣ್ಣ, ನಿಮ್ಮ ಕೋಣ ಬರೀ ಓಡುದು ಮಾತ್ರ. ಹೊಡಿಲಿಕ್ಕೆ ಅದಕ್ಕೆ ಪುರ್ಸೊತ್ತೇ ಇಲ್ಲ.” ನಿಜವಾಗಿತ್ತು. ಕಂಬಳದ ಕರೆಗೆ ಕೊನೆಯಲ್ಲಿ ಮಂಜೊಟ್ಟಿ ಇರುತ್ತದೆ, ಓಡಿ ಬಂದ ಕೋಣಗಳು ಅದನ್ನು ಏರಿ ನಿಲ್ಲುತ್ತವೆ. ಆಟದ ಅಂಕಣದ ಕೊನೆಗೆ ಇರುವುದು ಬರೀ ಶೂನ್ಯ. ಎರಡು ತುಂಡು ಕೆಸರು ಸಾಲಾಗಿ ಸಿಕ್ಕರೆ ನನ್ನ ಕೋಣ ಎದುರಾಳಿಯನ್ನು ದಾಟಿ, ಅಂಚನ್ನೂ ದಾಟಿ, ತನ್ನ ಪಾಡಿಗೆ ತಾನು ಬಿದ್ದು ಸಾಯುತ್ತಿತ್ತು. ಆ ರಾತ್ರಿ ಓಟದ ವೇಗವನ್ನು ಇಳಿಸಿ, ಉಳಿಸಿದ ಲಾಭವನ್ನು ಹೊಡೆತಕ್ಕೆ ಕೊಟ್ಟೆ: ಕೆಸರಿನ ಮೇಲೆ ನಿಂತು ಕೊಂಬು ಬೀಸಿದರೆ ತಯಾರಿಯ ಹದಿನಾರು ಫ್ರೇಮ್ ಹನ್ನೆರಡಕ್ಕೆ ಇಳಿಯುತ್ತದೆ, ಆದರೆ ಆ ತುಂಡು ಕೆಸರು ಅಲ್ಲಿಗೆ ಖರ್ಚಾಗುತ್ತದೆ. ಓಡಲು ಉಳಿಸಿಕೊಳ್ಳುವುದೋ ಹೊಡೆದು ಕಳೆಯುವುದೋ ಎಂದು ಆಡುವವನು ಯೋಚಿಸಬೇಕಾಯಿತು. ಹುಡುಗ ಮರುದಿನ ತಿಂಡಿಯನ್ನೂ ಮರೆತು ಹನ್ನೊಂದು ಗಂಟೆಯವರೆಗೆ ಆಡಿದ.

ಮೇಲಕ್ಕೆ ಹಾರುವ ವಿಶೇಷ ಹೊಡೆತ ಯಾವುದಿರಬೇಕೆಂಬ ಬಗ್ಗೆ ಮಾತ್ರ ನನಗೆ ಮೊದಲಿನಿಂದಲೂ ಅನುಮಾನವಿರಲಿಲ್ಲ. ಕಂಬಳದಲ್ಲಿ ಕನೆ ಹಲಗೆ ಎಂಬ ವಿಭಾಗವಿದೆ. ಕೋಣಗಳು ಎಳೆಯುವ ಮರದ ಹಲಗೆಯ ತೂತುಗಳಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಅಲ್ಲಿ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು ಎಂದು ಮೇಲೆ ನಿಶಾನೆ ಕಟ್ಟಿರುತ್ತಾರೆ. ಆಟದ ಕೋಣವೂ ಹಾಗೆಯೇ ಕಾಲಡಿಯ ಹಲಗೆಯನ್ನು ಒದ್ದು, ಚಿಮ್ಮಿದ ನೀರಿನ ಮೇಲೆ ತಾನೂ ಏರುತ್ತದೆ. ಸಾಧಾರಣ ನೆಲದಿಂದ ಚಿಮ್ಮಿದರೆ ಒಂದು ಎತ್ತರ, ಕೆಸರಿನಿಂದ ಚಿಮ್ಮಿದರೆ ಇನ್ನೊಂದು. ಎರಡರ ಅನುಪಾತವನ್ನು ಆರೂವರೆಗೆ ಏಳೂವರೆ ಎಂದೇ ಇಟ್ಟೆ. ಆಟದ ಸಮತೋಲದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯೇನೂ ಇಲ್ಲ, ಕೇವಲ ನನ್ನ ಹಟ.

ಇಷ್ಟಾದರೂ ರ‍್ಯಾಸ್ಟರ್ ಎದುರು ಕೋಣ ಸೋಲುತ್ತದೆ. ನೆಲ ಮುಟ್ಟದೆ ಆಡಬಲ್ಲ ಹಕ್ಕಿಗೆ ಕೆಸರಿನ ಭಯವೇ ಇಲ್ಲ. ಕನೆ ಹಲಗೆಯ ನೀರಿಗೆ ಹಿಟ್‌ಬಾಕ್ಸ್ ಕೊಟ್ಟು, ಅದು ತಾಗಿದ ಎದುರಾಳಿ ಸ್ವಲ್ಪ ಹೊತ್ತು ಬೇಗ ಕೆಳಕ್ಕೆ ಬೀಳುವಂತೆ ಮಾಡಿ ನೋಡಿದೆ. ರೆಕ್ಕೆಗೆ ಕೆಸರು ಮೆತ್ತಿದರೆ ಹಾರುವುದು ಕಷ್ಟ ಎಂಬ ತರ್ಕ. ಹತ್ತರಲ್ಲಿ ಎರಡು ಆಟ ಗೆಲ್ಲುತ್ತಿದ್ದ ಕಡೆ ಈಗ ನಾಲ್ಕು ಗೆಲ್ಲುತ್ತೇನೆ. ಚಿಕ್ಕಮ್ಮನ ಮಗ ಈಗಲೂ ಊರಿನಿಂದ ಆನ್‌ಲೈನ್ ಆಟಕ್ಕೆ ಕರೆಯುತ್ತಾನೆ, ಪ್ರತಿ ಸಲವೂ ಆ ಹಕ್ಕಿಯನ್ನೇ ಆರಿಸಿಕೊಳ್ಳುತ್ತಾನೆ.