ಭಾನುವಾರದಿಂದ ಗುರುವಾರದ ನಸುಕಿನವರೆಗೆ: ರೋಮಿಯೋ-ಜೂಲಿಯೆಟ್ ಆಡಿಸಿದ ನನ್ನ ಅನುಭವ

ಶೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ಆಡೋಣ ಅಂತ ನಮ್ಮ ಹವ್ಯಾಸಿ ತಂಡದಲ್ಲಿ ತೀರ್ಮಾನ ಆದಮೇಲೆ ನಾನು ಮೊದಲು ಮಾಡಿದ್ದು ತಾಲೀಮಿನ ಕೋಣೆಯ ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿದ್ದು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ಅಂತ ಬರೆದು ಕೆಳಗೆ ಗೆರೆ ಎಳೆದೆ. ಸ್ಕ್ರಿಪ್ಟ್ ಓದುತ್ತಾ ಹೋದ ಹಾಗೆ ಯಾವ ದೃಶ್ಯ ಯಾವತ್ತು, ಎಷ್ಟು ಹೊತ್ತಿಗೆ ನಡೆಯುತ್ತದೆ ಅಂತ ಹುಡುಗರೇ ತುಂಬಬೇಕು. ಊಹೆ ಮಾಡುವ ಕಷ್ಟ ಅಷ್ಟಾಗಿ ಇಲ್ಲ. ಈ ನಾಟಕದ ಜನ ಮಾತಿಗೊಮ್ಮೆ ವಾರ, ಗಂಟೆ ಹೇಳುತ್ತಲೇ ಇರುತ್ತಾರೆ.

ತುಂಬಿದ ಮೇಲೆ ಚಾರ್ಟ್ ಹೀಗಿತ್ತು. ಭಾನುವಾರ ಬೆಳಿಗ್ಗೆ ಇಟಲಿಯ ವೆರೋನಾ ಊರಿನ ಬೀದಿಯಲ್ಲಿ ಎರಡು ಮನೆತನಗಳ ಹೊಡೆದಾಟ: ರೋಮಿಯೋನ ಮಾಂಟೆಗ್ಯೂ, ಜೂಲಿಯೆಟ್‌ನ ಕ್ಯಾಪ್ಯುಲೆಟ್. ರಾತ್ರಿ ಕ್ಯಾಪ್ಯುಲೆಟ್ ಮನೆಯ ಔತಣದಲ್ಲಿ ಇಬ್ಬರ ಭೇಟಿ, ಅದೇ ರಾತ್ರಿ ಕಿಟಕಿಯ ಹತ್ತಿರ ಮದುವೆಯ ಮಾತು. ಸೋಮವಾರ ಮಧ್ಯಾಹ್ನ ಮದುವೆ. ಆಮೇಲೆ ಒಂದು ಗಂಟೆ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಎರಡು ಹೆಣ: ರೋಮಿಯೋನ ಗೆಳೆಯ ಮರ್ಕ್ಯೂಶಿಯೋ, ಅವನನ್ನು ಕೊಂದು ರೋಮಿಯೋ ಕೈಯಲ್ಲಿ ಸತ್ತ ಟಿಬಾಲ್ಟ್. ಮಂಗಳವಾರ ಬೆಳಕು ಹರಿಯುವಾಗ ಗಡಿಪಾರಾದ ರೋಮಿಯೋ ಮಾಂಟುವಾ ಅನ್ನುವ ಊರಿನ ಕಡೆಗೆ ಹೊರಡುತ್ತಾನೆ. ಅವತ್ತು ರಾತ್ರಿ ಜೂಲಿಯೆಟ್ ಸತ್ತಂತೆ ಮಲಗಿಸುವ ಔಷಧಿ ಕುಡಿಯುತ್ತಾಳೆ. ಬುಧವಾರ ಅವಳನ್ನು ಗೋರಿಗೆ ಒಯ್ಯುತ್ತಾರೆ. ಗುರುವಾರ ನಸುಕಿಗೆ ಎಲ್ಲ ಮುಗಿದಿರುತ್ತದೆ.

ಚಾರ್ಟ್ ನೋಡಿ ಒಬ್ಬ ಹುಡುಗ, “ಸರ್, ನಮ್ಮನೇಲಿ ಫ್ರಿಡ್ಜ್ ತಗೊಳ್ಳೋಕೆ ಇದಕ್ಕಿಂತ ಜಾಸ್ತಿ ದಿನ ಯೋಚನೆ ಮಾಡಿದ್ರು” ಅಂದ.

ಶೇಕ್ಸ್‌ಪಿಯರ್‌ಗೆ ಈ ಕತೆ ಸಿಕ್ಕಿದ್ದು ಆರ್ಥರ್ ಬ್ರೂಕ್ ಎಂಬ ಇಂಗ್ಲಿಷ್ ಕವಿ 1562ರಲ್ಲಿ ಪ್ರಕಟಿಸಿದ ಒಂದು ಉದ್ದನೆಯ ಪದ್ಯದಲ್ಲಿ. ಅಲ್ಲಿ ಕತೆ ತಿಂಗಳುಗಟ್ಟಲೆ ನಡೆಯುತ್ತದೆ. ಮದುವೆಯಾದ ಮೇಲೆ ಗುಟ್ಟಾಗಿ ಒಂದೆರಡು ತಿಂಗಳು ಭೇಟಿಯಾಗುತ್ತಾ ಸುಖವಾಗಿಯೇ ಇರುತ್ತಾರೆ. ಹುಡುಗಿಗೆ ಹದಿನಾರು ತುಂಬುತ್ತಾ ಬಂದಿರುತ್ತದೆ. ಶೇಕ್ಸ್‌ಪಿಯರ್ ಅವಳ ವಯಸ್ಸನ್ನು ಹದಿನಾಲ್ಕಕ್ಕೂ ಕಮ್ಮಿ ಮಾಡಿದ, ತಿಂಗಳುಗಳನ್ನು ಒಂದು ವಾರದೊಳಗೆ ತುರುಕಿದ. ಬ್ರೂಕ್ ಮುನ್ನುಡಿಯಲ್ಲಿ ಪ್ರೇಮಿಗಳಿಗೆ ಚೆನ್ನಾಗಿ ಬೈದಿದ್ದಾನೆ: ಅಪ್ಪ ಅಮ್ಮನ ಮಾತು ಕೇಳದೆ ಹಾಳಾದರು ಅಂತ. ನಾಟಕದಲ್ಲಿ ಆ ಬೈಗುಳ ಇಲ್ಲ. ಯಾಕಿಲ್ಲ ಅನ್ನುವುದು ತಾಲೀಮಿಗೆ ಇಳಿದ ಮೇಲೆ ನಮಗೆ ಗೊತ್ತಾಗುತ್ತಾ ಬಂತು.

ಆತುರದ ನಾಟಕ ಅಂದ ತಕ್ಷಣ ಹುಡುಗರು ಮಾತನ್ನು ಓಡಿಸಲು ಶುರು ಮಾಡಿದರು. ಹಾಗಾಗಿ ಒಂದು ನಿಯಮ ಹಾಕಿದೆ. ಮಾತು ನಿಧಾನ, ದೃಶ್ಯಗಳ ನಡುವೆ ಮಾತ್ರ ಉಸಿರಾಡಲು ಜಾಗ ಇಲ್ಲ. ಬ್ಲಾಕ್‌ಔಟ್ ಪೂರ್ತಿ ನಿಷಿದ್ಧ. ಹವ್ಯಾಸಿ ನಾಟಕಗಳಲ್ಲಿ ಕತ್ತಲು ಮಾಡಿ, ಬೆಂಚು ಎಳೆದು, ಯಾರೋ ಎಡವಿ, ಮತ್ತೆ ಲೈಟ್ ಹಾಕುವುದು ಒಂದು ರೋಗವೇ ಆಗಿದೆ. ಶೇಕ್ಸ್‌ಪಿಯರ್ ಕಾಲದಲ್ಲಿ ನಾಟಕ ಆಡುತ್ತಿದ್ದದ್ದು ಹಗಲಲ್ಲಿ, ಬಯಲು ಬೆಳಕಿನಲ್ಲಿ. ಪರದೆ ಇಳಿಸುವ ಮಾತೇ ಇರಲಿಲ್ಲ. ಒಂದು ಗುಂಪು ಹೋಗುತ್ತಿದ್ದ ಹಾಗೇ ಇನ್ನೊಂದು ಬರುತ್ತಿತ್ತು. ನಾವೂ ಹಾಗೇ ಮಾಡಿದೆವು. ರಂಗದ ಮೇಲೆ ಒಂದು ಎತ್ತರದ ಲೆವೆಲ್, ಒಂದು ಬೆಂಚು. ಅಷ್ಟೇ.

ಇದರ ಲಾಭ ಚೆನ್ನಾಗಿ ಕಂಡದ್ದು ಸೋಮವಾರ ಮಧ್ಯಾಹ್ನದಲ್ಲಿ. ಪಾದ್ರಿ ಲಾರೆನ್ಸ್ ಇಬ್ಬರನ್ನೂ ಮದುವೆಗೆ ಕರೆದುಕೊಂಡು ಎಡಗಡೆ ವಿಂಗ್‌ನತ್ತ ಹೋಗುತ್ತಿದ್ದಾನೆ. ಜೂಲಿಯೆಟ್ ಬೆನ್ನು ಇನ್ನೂ ಕಾಣಿಸುತ್ತಿದೆ. ಬಲಗಡೆಯಿಂದ ರೋಮಿಯೋ ಕಡೆಯ ಬೆನ್ವೋಲಿಯೋ ಮರ್ಕ್ಯೂಶಿಯೋ ಜೊತೆ ಕುತ್ತಿಗೆ ಒರೆಸಿಕೊಳ್ಳುತ್ತಾ ಬರುತ್ತಾನೆ: ಬಿಸಿಲು ಜಾಸ್ತಿ, ಕ್ಯಾಪ್ಯುಲೆಟ್ ಕಡೆಯವರು ಓಡಾಡುತ್ತಿದ್ದಾರೆ, ಮನೆಗೆ ಹೋಗೋಣ ನಡಿ. ಜುಲೈ ಮಧ್ಯದ ಇಟಲಿ ಅದು. ಜೂಲಿಯೆಟ್ ಹುಟ್ಟುಹಬ್ಬ ಜುಲೈ 31ಕ್ಕೆ ಅಂತ ದಾದಿ, ಇನ್ನು ಹದಿನೈದು ದಿನ ಚಿಲ್ಲರೆ ಇದೆ ಅಂತ ಜೂಲಿಯೆಟ್ ಅಮ್ಮ ಮೊದಲೇ ಹೇಳಿರುತ್ತಾರೆ. ಆ ಸೆಕೆಯನ್ನೇ ನಾವು ಹಿಡಿದುಕೊಂಡೆವು. ಮರ್ಕ್ಯೂಶಿಯೋ ಮಾಡಿದವನಿಗೆ ಒದ್ದೆ ಕರ್ಚೀಫು ಕೊಟ್ಟೆ. ಸಾಯುವವರೆಗೂ ಅದು ಅವನ ಕೈಯಲ್ಲೇ ಇತ್ತು.

ಜಗಳದ ದೃಶ್ಯ ಪೂರ್ತಿ ನಿಂತಿರುವುದು ಒಂದು ಸಣ್ಣ ಸಂಗತಿಯ ಮೇಲೆ. ರೋಮಿಯೋ ಅವಸರ ಪಡದ ಒಂದೇ ಒಂದು ಸಲ ಅದು. ಟಿಬಾಲ್ಟ್ ಈಗ ಹೆಂಡತಿಯ ಕಡೆಯ ನೆಂಟ. ಹೊಡೆದಾಡಲ್ಲ ಅನ್ನುತ್ತಾನೆ. ಗೆಳೆಯನನ್ನು ತಡೆಯಲು ಮಧ್ಯೆ ಹೋಗುತ್ತಾನೆ. ಅವನ ತೋಳಿನ ಕೆಳಗಿನಿಂದಲೇ ಟಿಬಾಲ್ಟ್‌ನ ಕತ್ತಿ ಮರ್ಕ್ಯೂಶಿಯೋಗೆ ಚುಚ್ಚುತ್ತದೆ. ಇದನ್ನು ಎಷ್ಟೋ ಸಂಜೆ ಬರೀ ಕೋಲು ಹಿಡಿದು ಅಭ್ಯಾಸ ಮಾಡಿದೆವು. ಕತ್ತಿ ಹೋದದ್ದು ಪ್ರೇಕ್ಷಕರಿಗೆ ಆ ಕ್ಷಣಕ್ಕೆ ಗೊತ್ತಾಗಬಾರದು. ಮರ್ಕ್ಯೂಶಿಯೋ ತಮಾಷೆ ಮಾಡುತ್ತಲೇ ಇರಬೇಕು. ಅವನು ಕರ್ಚೀಫನ್ನು ಹೊಟ್ಟೆಗೆ ಒತ್ತಿಕೊಂಡಾಗ ಸಭಾಂಗಣ ತಣ್ಣಗಾಯಿತು.

ರೋಮಿಯೋ ಮಾಡಿದ ಹುಡುಗನ ತಕರಾರು ಬೇರೆ. “ಸರ್, ಬೆಳಿಗ್ಗೆ ರೋಸಲಿನ್ ಅಂತ ಅಳ್ತಾನೆ, ರಾತ್ರಿ ಜೂಲಿಯೆಟ್ ಅಂತಾನೆ. ಇವನನ್ನ ಜನ ನಂಬ್ತಾರಾ?” ರೋಸಲಿನ್ ರಂಗದ ಮೇಲೆ ಬರುವುದೇ ಇಲ್ಲ. ಅವಳ ಭಾಗ ಕತ್ತರಿಸಿಬಿಡಿ ಅಂತ ಬೇರೆಯವರೂ ಹೇಳಿದರು. ನಾನು ಉಳಿಸಿಕೊಂಡೆ. ಮೊದಲ ದೃಶ್ಯದಲ್ಲಿ ಅವನು ಆಡುವುದು ಎಲ್ಲೋ ಓದಿ ಬಂದ ಪ್ರೇಮ. ಬೆಂಕಿ ತಣ್ಣಗಿದೆ, ಗರಿ ಭಾರವಾಗಿದೆ ಅನ್ನುವಂಥ ಮಾತು. ಎದುರಿಗೆ ಆ ಹುಡುಗಿಯೇ ಇಲ್ಲ. ಔತಣದಲ್ಲಿ ಹಾಗಲ್ಲ. ಅವನು ಒಂದು ಸಾಲು ಹೇಳಿದರೆ ಅವಳು ತಿರುಗಿ ಹೇಳುತ್ತಾಳೆ. ಇಬ್ಬರ ಮೊದಲ ಮಾತು ಕೂಡಿಸಿದರೆ ಸರಿಯಾಗಿ 14 ಸಾಲಿನ ಒಂದು ಸಾನೆಟ್ ಆಗುತ್ತದೆ, ಮುತ್ತಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮುತ್ತು ಇರಲಿಲ್ಲ. ಅಂಗೈಗೆ ಅಂಗೈ ತಾಗಿಸುವ ಮಾತು ಅಲ್ಲೇ ಇದೆ, ಅದನ್ನೇ ಕೊನೆಯವರೆಗೂ ಎಳೆದೆವು. ಸುತ್ತ ಎಲ್ಲರೂ ಕುಣಿಯುತ್ತಿದ್ದಾರೆ, ಇವರಿಬ್ಬರು ಮಾತ್ರ ಕೈ ತೆಗೆಯಲ್ಲ. ಅವನಿಗೆ ಹೇಳಿದ್ದು ಇಷ್ಟೇ: “ರೋಸಲಿನ್ ವಿಷಯ ಮಾತಾಡುವಾಗ ಪ್ರೇಕ್ಷಕರನ್ನ ನೋಡು. ಇಲ್ಲಿ ಅವಳನ್ನ ಬಿಟ್ಟು ಯಾರನ್ನೂ ನೋಡಬೇಡ.” ಆಮೇಲೆ ಅವನ ತಕರಾರು ನಿಂತಿತು.

ಕಿಟಕಿಯ ದೃಶ್ಯದಲ್ಲಿ ನನಗೆ ಕೆಲಸ ಬಿದ್ದದ್ದು ಜೂಲಿಯೆಟ್ ಜೊತೆ. ಎಲ್ಲರೂ ಇದನ್ನು ಬರೀ ಸಿಹಿಯಾಗಿ ಆಡುತ್ತಾರೆ. ಆದರೆ ಅಲ್ಲಿ ಬ್ರೇಕ್ ಹಾಕುವವಳು ಅವಳೇ. ಇದು ತೀರಾ ಅವಸರ ಆಯಿತು, ಯೋಚನೆಯೇ ಇಲ್ಲ, ಮಿಂಚು ಅಂತ ಹೇಳುವಷ್ಟರಲ್ಲಿ ಮಾಯವಾಗುವ ಮಿಂಚಿನ ಹಾಗಿದೆ ಅನ್ನುತ್ತಾಳೆ. ಚಂದ್ರನ ಮೇಲೆ ಆಣೆ ಇಡಬೇಡ ಅನ್ನುತ್ತಾಳೆ. ಒಳಗಿನಿಂದ ದಾದಿ ಕೂಗುತ್ತಾಳೆ, ಜೂಲಿಯೆಟ್ ಹೋಗುತ್ತಾಳೆ. ವಾಪಸ್ ಬಂದು ಮದುವೆ ವಿಷಯ ಎತ್ತುವವಳೂ ಅವಳೇ! ನಾಳೆ ಎಷ್ಟು ಗಂಟೆಗೆ ಆಳು ಕಳಿಸಲಿ? ಒಂಬತ್ತಕ್ಕೆ. ನಮ್ಮ ಹುಡುಗಿಗೆ ಈ ತಿರುವು ಅರ್ಥ ಆಗುತ್ತಿರಲಿಲ್ಲ. ದಾದಿ ಪಾತ್ರದವಳಿಗೆ ವಿಂಗ್‌ನಿಂದ ನಿಜವಾಗಿಯೂ ಗದರುವ ದನಿಯಲ್ಲಿ ಕೂಗಲು ಹೇಳಿದೆ, ಸಾಲು ಮುಗಿಯುವ ಮುಂಚೆಯೇ. ಆಗ ಹುಡುಗಿಗೆ ದಾರಿ ಸಿಕ್ಕಿತು. ಕದ್ದು ಮಾತಾಡುವವರಿಗೆ ಟೈಮ್ ಇರಲ್ಲ ಅಲ್ವಾ? ಮನೆಯಲ್ಲಿ ಫೋನ್ ಕಿತ್ತುಕೊಳ್ಳುವ ಮುಂಚೆ ಹೇಳಿಬಿಡಬೇಕು ಅನ್ನುವ ಅವಸರ ಅದು ಅಂತ ಅವಳೇ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು.

ಕತೆಯನ್ನು ನಮ್ಮ ಕಡೆಯ ಹಳ್ಳಿಗೆ ತರೋಣ, ಎರಡು ಜಾತಿ ಮಾಡೋಣ ಅನ್ನುವ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಇಲ್ಲಿ ಎರಡು ಮನೆಗೂ ಸಮನಾದ ಅಂತಸ್ತು, ಹಗೆಗೆ ಕಾರಣವನ್ನೇ ನಾಟಕ ಹೇಳುವುದಿಲ್ಲ. ಜಾತಿ ತಂದರೆ ಯಾರು ಮೇಲೆ, ಯಾರು ಕೆಳಗೆ ಅನ್ನುವ ಇನ್ನೊಂದು ನಾಟಕ ಶುರುವಾಗುತ್ತದೆ. ನಮ್ಮಲ್ಲಿ ಮರ್ಯಾದೆ ಹೆಸರಲ್ಲಿ ಮನೆಯವರೇ ಕೊಲ್ಲುತ್ತಾರೆ. ವೆರೋನಾದಲ್ಲಿ ಯಾವ ಅಪ್ಪನೂ ಮಕ್ಕಳ ಮೇಲೆ ಕತ್ತಿ ಎತ್ತುವುದಿಲ್ಲ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೂಲಿಯೆಟ್ ಅಪ್ಪ ಕ್ಯಾಪ್ಯುಲೆಟ್ ಜೊತೆಗಿನ ತಾಲೀಮು. ಚಾರ್ಟ್‌ನಲ್ಲಿ ಅವನ ಮಾತುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿದ್ದೆ. ಭಾನುವಾರ ಪ್ಯಾರಿಸ್ ಅನ್ನುವ ದೊಡ್ಡ ಮನೆತನದ ಯುವಕ ಹೆಣ್ಣು ಕೇಳಲು ಬಂದಾಗ, ಮಗಳು ಚಿಕ್ಕವಳು, ಇನ್ನೆರಡು ಬೇಸಿಗೆ ಕಳೆಯಲಿ ಅನ್ನುತ್ತಾನೆ. ಎಂಥ ಒಳ್ಳೆ ಅಪ್ಪ! ಸೋಮವಾರ ರಾತ್ರಿ ಅದೇ ಮನುಷ್ಯ, ಮಗಳನ್ನು ಒಂದು ಮಾತು ಕೇಳದೆ, ಇವತ್ತು ಯಾವ ವಾರ ಅಂತಾನೆ. ಸೋಮವಾರ. ಬುಧವಾರ ತೀರಾ ಹತ್ತಿರ ಆಯಿತು, ಗುರುವಾರ ಇಟ್ಟುಕೊಳ್ಳೋಣ. ಸಾವಾದ ಮನೆ, ಆರೇಳು ಜನ ಸಾಕು. ಮಂಗಳವಾರ ಸಂಜೆ ಮಗಳು ಬಂದು ಕ್ಷಮೆ ಕೇಳಿದ ಖುಷಿಗೆ ಮದುವೆಯನ್ನು ಇನ್ನೂ ಒಂದು ದಿನ ಹಿಂದಕ್ಕೆ ತರುತ್ತಾನೆ: ಬುಧವಾರ ಬೆಳಿಗ್ಗೆಯೇ ಆಗಲಿ!

ಈ ಕೊನೆಯ ಭಾಗವನ್ನು ಕತ್ತರಿಸಿದರೆ ನಾಟಕದ ಕೀಲೇ ಕಳಚುತ್ತದೆ. ಬುಧವಾರ ರಾತ್ರಿ ಒಬ್ಬಳೇ ಮಲಗಿ ಔಷಧಿ ಕುಡಿ ಅಂತ ಪಾದ್ರಿ ಹೇಳಿದ್ದ. ಅಪ್ಪನ ಸಂಭ್ರಮದಿಂದಾಗಿ ಅವಳು ಮಂಗಳವಾರವೇ ಕುಡಿಯಬೇಕಾಯಿತು. ಈ ಉಪಾಯವನ್ನು ರೋಮಿಯೋಗೆ ತಿಳಿಸುವ ಕಾಗದ ಮಾಂಟುವಾಗೆ ತಲುಪಿಸಲು ಇದ್ದ ಒಂದು ದಿನ ಹಾಗೇ ಹೋಯಿತು. (ಔಷಧಿಯ ಅಮಲು 42 ಗಂಟೆ ಅಂತ ಹೇಳಿದ್ದನ್ನು ಕೂಡಿ ಕಳೆದು ನೋಡಿದರೆ ಲೆಕ್ಕ ಸರಿಯಾಗಿ ಕೂರುವುದಿಲ್ಲ. ಪ್ರೇಕ್ಷಕರು ಗಡಿಯಾರ ಹಿಡಿದು ಕೂರಲ್ಲ, ನಾವೂ ಬಿಟ್ಟೆವು.)

ಕ್ಯಾಪ್ಯುಲೆಟ್ ಮಾಡಿದವರು ನಮ್ಮ ತಂಡದ ಹಿರಿಯರು, ನಿವೃತ್ತ ನೌಕರರು, ದೊಡ್ಡ ಗಂಟಲು. ಮಗಳಿಗೆ ಬೈಯುವ ದೃಶ್ಯದಲ್ಲಿ ಅವರಿಗೆ ಹೇಳಿಕೊಡಲು ಏನೂ ಇರಲಿಲ್ಲ. ದಿನ ಗೊತ್ತು ಮಾಡುವ ದೃಶ್ಯದಲ್ಲಿ ಮಾತ್ರ, “ಬೆರಳಲ್ಲಿ ಎಣಿಸಿ, ನಗ್ತಾ ಎಣಿಸಿ” ಅಂತ ಕೇಳಿಕೊಂಡೆ. “ನಮ್ಮಣ್ಣ ಹೀಗೇ ಮಾಡಿದ್ದ ಕಣ್ರೀ, ಮುಹೂರ್ತ ಸಿಕ್ತು ಅಂತ” ಅಂದರು. ಅಷ್ಟೇ, ಹೆಚ್ಚು ವಿವರ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರದರ್ಶನದಲ್ಲಿ ಅವರು ಸೋಮವಾರ, ಮಂಗಳವಾರ ಅಂತ ಬೆರಳು ಮಡಚಿದಾಗ ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾದ್ರಿ ಲಾರೆನ್ಸ್‌ನದೂ ಇದೇ ಕತೆ. ನಿಧಾನವಾಗಿ ನಡಿ, ಓಡುವವರೇ ಎಡವುವುದು ಅಂತ ರೋಮಿಯೋಗೆ ಬುದ್ಧಿ ಹೇಳುತ್ತಾನೆ, ಅದೇ ದಿನ ಮದುವೆ ಮಾಡಿಸುತ್ತಾನೆ. ಎರಡು ಮನೆ ಒಂದಾಗುತ್ತವೆ ಅನ್ನುವ ಆಸೆ ಅವನಿಗೆ. ಕೊನೆಯಲ್ಲಿ ಗೋರಿಯೊಳಗೆ, ಕಾವಲಿನವರ ಸದ್ದು ಕೇಳಿದ್ದೇ ತಡ, ಎಚ್ಚರವಾದ ಹುಡುಗಿಯನ್ನು ಹೆಣಗಳ ಮಧ್ಯೆ ಬಿಟ್ಟು ಹೊರಟುಬಿಡುತ್ತಾನೆ. ನಮ್ಮ ಪಾದ್ರಿ ಹುಡುಗ ಆ ಕಡೆ ಓಡಿದ ಮೇಲೆ ಅವನ ಲಾಟೀನು ಮಾತ್ರ ಅಲ್ಲೇ ಉಳಿಯುವ ಹಾಗೆ ಮಾಡಿದೆವು. ಜೂಲಿಯೆಟ್‌ಗೆ ರೋಮಿಯೋ ಮುಖ ಕಾಣುವುದು ಆ ಬೆಳಕಿನಲ್ಲಿ.

ಕಾಗದ ತಲುಪದ ಕಾರಣ ಹೇಳುವ ಪುಟ್ಟ ದೃಶ್ಯವನ್ನು ಮೊದಲೆಲ್ಲ ನಿರ್ದೇಶಕರು ಸರಸರ ದಾಟಿಸುತ್ತಿದ್ದರು. ಕಾಗದ ಒಯ್ಯುತ್ತಿದ್ದ ಪಾದ್ರಿ ಜಾನ್ ಇದ್ದ ಮನೆಗೆ ಪ್ಲೇಗ್ ತಗುಲಿದೆ ಅನ್ನುವ ಅನುಮಾನದಲ್ಲಿ ಅಧಿಕಾರಿಗಳು ಬಾಗಿಲು ಮುಚ್ಚಿಸಿರುತ್ತಾರೆ. ಪ್ಲೇಗ್‌ನಿಂದ 1592ರಿಂದ 94ರವರೆಗೆ ಲಂಡನ್ನಿನ ರಂಗಮಂದಿರಗಳು ಹೆಚ್ಚಿನ ಕಾಲ ಮುಚ್ಚಿದ್ದವು. ಅಲ್ಲಿನ ಪ್ರೇಕ್ಷಕರಿಗೆ ಇದು ನೆಪ ಅನ್ನಿಸಿರಲಿಕ್ಕಿಲ್ಲ. ನಮ್ಮ ಹುಡುಗರಿಗೂ ಅನ್ನಿಸಲಿಲ್ಲ. ಕೊರೊನಾ ಕಾಲದಲ್ಲಿ ಮನೆ ಮುಂದೆ ಪಟ್ಟಿ ಕಟ್ಟಿ ಸೀಲ್ ಮಾಡಿದ್ದನ್ನು ನೋಡಿದವರು ಅವರು.

ವೆರೋನಾದಿಂದ ಮಾಂಟುವಾ ಸುಮಾರು 40 ಕಿಲೋಮೀಟರ್. ಕಾಗದ ಹೋಗಲಿಲ್ಲ, ಸುಳ್ಳು ಸುದ್ದಿ ಕುದುರೆ ಏರಿ ಹೋಯಿತು. ಸೇವಕ ಬಾಲ್ತಸಾರ್ ಬಂದಾಗ ರೋಮಿಯೋ ಕೇಳುವ ಮೊದಲ ಪ್ರಶ್ನೆ, ಪಾದ್ರಿ ಕಾಗದ ಕೊಟ್ಟಿಲ್ವಾ ಅಂತ. ಜೂಲಿಯೆಟ್ ಸತ್ತ ಸುದ್ದಿ ಕೇಳಿದ ಮೇಲೂ ಇನ್ನೊಮ್ಮೆ ಕೇಳುತ್ತಾನೆ. ಇಲ್ಲ. ಹೋಗಲಿ ಬಿಡು, ಕುದುರೆ ತಾ. ಸ್ವಲ್ಪ ತಾಳಿಕೊಳ್ಳಿ ಅಂತ ಬಾಲ್ತಸಾರ್ ಬೇಡಿಕೊಂಡಿರುತ್ತಾನೆ ಕೂಡ. ಎರಡನೇ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಾನು ದೊಡ್ಡ ಮೌನ ಇಡಿಸಿದೆ. ಪೂರ್ತಿ ನಾಟಕದಲ್ಲಿ ನಾವು ತೆಗೆದುಕೊಂಡ ಅತಿ ಉದ್ದದ ಬಿಡುವು ಅದೇ. ಅಲ್ಲಿ ಹುಡುಗ ಏನೂ ಮಾಡುತ್ತಿರಲಿಲ್ಲ, ಬಾಲ್ತಸಾರ್‌ನ ಖಾಲಿ ಕೈ ನೋಡುತ್ತಾ ಸುಮ್ನೆ ನಿಲ್ಲುತ್ತಿದ್ದ.

ರೋಮಿಯೋ ವಿಷ ಕುಡಿಯುವಾಗಲೇ ಜೂಲಿಯೆಟ್ ಬೆರಳು ಅಲ್ಲಾಡಿಸಿದರೆ ಹೇಗೆ ಅಂತ ಒಬ್ಬರು ಕೇಳಿದರು. ಎಷ್ಟೋ ಕಡೆ ಹಾಗೆ ಮಾಡುತ್ತಾರೆ. 18ನೇ ಶತಮಾನದಲ್ಲಿ ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಇನ್ನೂ ಮುಂದೆ ಹೋಗಿ, ರೋಮಿಯೋ ಸಾಯುವ ಮುಂಚೆಯೇ ಅವಳನ್ನು ಎಬ್ಬಿಸಿ ಇಬ್ಬರಿಗೂ ಮಾತು ಬರೆದುಕೊಟ್ಟಿದ್ದ. ಕನ್ನಡದಲ್ಲಿ 19ನೇ ಶತಮಾನದ ಕೊನೆಗೆ ಬಂದ ಇದರ ರೂಪಾಂತರ ‘ರಾಮವರ್ಮ ಲೀಲಾವತಿ’ಯಲ್ಲಂತೂ ಪ್ರೇಮಿಗಳು ಬದುಕಿಯೇ ಬಿಡುತ್ತಾರೆ. ನಾನು ಬೆರಳು ಬೇಡ ಅಂದೆ. ಬೆರಳು ಅಲ್ಲಾಡಿದರೆ ಜನ ಅಯ್ಯೋ ಅಂತ ಕೂಗುತ್ತಾರೆ, ಸರಿ. ಆದರೆ ಆಗ ತಪ್ಪೆಲ್ಲ ಆ ಒಂದು ಕ್ಷಣದ್ದಾಗುತ್ತದೆ, ಹಿಂದಿನ ನಾಲ್ಕು ದಿನ ಮರೆತುಹೋಗುತ್ತದೆ.

ಗೋರಿ ದೃಶ್ಯದ ಆಮೇಲಿನ ಮಾತುಗಳಲ್ಲಿ ಜಾಸ್ತಿ ಕತ್ತರಿಸಿದೆವು. ಪಾದ್ರಿ ಇಡೀ ಕತೆಯನ್ನು ಮತ್ತೆ ಹೇಳುವುದನ್ನು ಎರಡು ಸಾಲಿಗೆ ಇಳಿಸಿದೆ. ಇಬ್ಬರು ಅಪ್ಪಂದಿರು ಕೈ ಹಿಡಿದುಕೊಳ್ಳುವುದನ್ನು ಮಾತ್ರ ಮುಟ್ಟಲಿಲ್ಲ. ಜೂಲಿಯೆಟ್‌ಗೆ ಅಪ್ಪಟ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಅನ್ನುತ್ತಾನೆ ಮಾಂಟೆಗ್ಯೂ. ಅಷ್ಟೇ ಬೆಲೆಯದು ರೋಮಿಯೋಗೂ ಅನ್ನುತ್ತಾನೆ ಕ್ಯಾಪ್ಯುಲೆಟ್. ಮಕ್ಕಳ ಮೈ ಇನ್ನೂ ಬಿಸಿ ಇದೆ. ನಮ್ಮ ಹಿರಿಯರು ಇಲ್ಲೂ ಬೆರಳು ಮಡಚಿದರು, ನಾನು ಹೇಳಿಕೊಟ್ಟಿರಲಿಲ್ಲ. ಎಷ್ಟು ಚಿನ್ನ ಬೇಕಾದೀತು ಅಂತ ಲೆಕ್ಕ ಹಾಕುವ ಹಾಗೆ. ಸಭಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಮಾರನೇ ದಿನದ ಪ್ರದರ್ಶನದಲ್ಲೂ ಅದನ್ನೇ ಇಟ್ಟುಕೊಳ್ಳಿ ಅಂತ ಅವರಿಗೆ ಹೇಳಿದೆ.