ಹಳೆಯ ಡೆಸ್ಕ್‌ಟಾಪ್‌ಗೆ ಕಡಿಮೆ ಖರ್ಚಿನಲ್ಲಿ ವೇಗ: ಮೊದಲು ಯಾವುದು, ಆಮೇಲೆ ಯಾವುದು?

2011ರಿಂದ 2014ರ ನಡುವೆ ಕೊಂಡ ಡೆಸ್ಕ್‌ಟಾಪ್‌ಗಳು ಮನೆಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಸಹಕಾರ ಸಂಘಗಳ ಕಚೇರಿಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳಲ್ಲಿ ತುಂಬ ಸಾಮಾನ್ಯವಾದದ್ದು ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, ಎರಡನೇ ಅಥವಾ ಮೂರನೇ ತಲೆಮಾರಿನ ಕೋರ್ ಐ3, 4 ಜಿಬಿ ಡಿಡಿಆರ್3 ರ‍್ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್‌ನ ಜೋಡಣೆ. ಇಂಥ ಯಂತ್ರವನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಪತ್ರ ಟೈಪ್ ಮಾಡುವುದು, ಬಿಲ್ಲಿಂಗ್, ಆನ್‌ಲೈನ್ ಅರ್ಜಿ, ಮಕ್ಕಳ ವಿಡಿಯೊ ಪಾಠ ಇಷ್ಟಕ್ಕೆ ಅದರಲ್ಲಿ ಇನ್ನೂ ಕಸುವಿದೆ. ಆದರೆ ಯಾವುದಕ್ಕೆ ಮೊದಲು ದುಡ್ಡು ಹಾಕುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಂಗಡಿಗೆ ಹೋಗಿ ‘ಕಂಪ್ಯೂಟರ್ ಸ್ಲೋ ಆಗಿದೆ’ ಎಂದರೆ ಸಾಮಾನ್ಯವಾಗಿ ಮೊದಲು ಸಿಗುವ ಉತ್ತರ ರ‍್ಯಾಮ್. ಎಷ್ಟೋ ಸಲ ಅದು ತಪ್ಪು ಉತ್ತರ.

ಮೊದಲು ತೊಂದರೆ ಎಲ್ಲಿದೆ ನೋಡಿ

ದಿನವೂ ಮಾಡುವ ಕೆಲಸವನ್ನೇ ಮಾಡುತ್ತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಹತ್ತು ನಿಮಿಷ ಕಣ್ಣಿಡಿ. ಡಿಸ್ಕ್ 100 ಪ್ರತಿಶತದಲ್ಲೇ ನಿಂತಿದ್ದರೆ ತಡೆಯಿರುವುದು ಹಾರ್ಡ್ ಡಿಸ್ಕ್‌ನಲ್ಲಿ. ಮೆಮೊರಿ 85–90 ಪ್ರತಿಶತ ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸಿಪಿಯು ಒಂದೇ ಸಮನೆ 100ರಲ್ಲಿದ್ದರೆ ಮಾತ್ರ ಪ್ರೊಸೆಸರ್ ಬಗ್ಗೆ ಯೋಚಿಸಿ, ಅದೂ ವೈರಸ್ ಇಲ್ಲವೆಂದು ಖಚಿತವಾದ ಮೇಲೆ. ನೆನಪಿಡಿ, ರ‍್ಯಾಮ್ ಸಾಲದಾದಾಗ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತದೆ. ಹಾಗಾಗಿ ಡಿಸ್ಕ್ ಮತ್ತು ಮೆಮೊರಿ ಎರಡೂ ಒಟ್ಟಿಗೆ ತುಂಬಿದಂತೆ ಕಾಣುವುದು ಸಾಮಾನ್ಯ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮದರ್‌ಬೋರ್ಡ್‌ನ ಮಾದರಿ, ಪ್ರೊಸೆಸರ್‌ನ ಹೆಸರು, ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ ರ‍್ಯಾಮ್ ಇದೆ ಎಲ್ಲ ಗೊತ್ತಾಗುತ್ತದೆ. ಇವನ್ನು ಬರೆದಿಟ್ಟುಕೊಳ್ಳದೆ ಅಂಗಡಿಗೆ ಹೋಗಬೇಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆ ಇದ್ದು, ಅದು ದಿನೇದಿನೇ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಉಳಿದದ್ದೆಲ್ಲ ಬಿಟ್ಟು ಅವತ್ತೇ ಫೈಲ್‌ಗಳನ್ನು ಬೇರೆಡೆಗೆ ನಕಲು ಮಾಡಿ.

ನಿಮ್ಮದು ಕೋರ್ 2 ಡ್ಯುಯೊ ಕಾಲದ, ಡಿಡಿಆರ್2 ರ‍್ಯಾಮ್‌ನ ಯಂತ್ರವಾಗಿದ್ದರೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಬದಲಿಗೆ ಬಳಸುವ, ಅದಕ್ಕಿಂತ ಬಹಳ ವೇಗದ ಡ್ರೈವ್) ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ. ಎಸ್‌ಎಸ್‌ಡಿಯನ್ನು ನಾಳೆ ಬಿಚ್ಚಿ ಮುಂದಿನ ಕಂಪ್ಯೂಟರಿಗೆ ಹಾಕಬಹುದು. ಡಿಡಿಆರ್2 ರ‍್ಯಾಮ್ ಆ ಯಂತ್ರದ ಜೊತೆಗೇ ಹೋಗುತ್ತದೆ.

ಬ್ಯಾಕಪ್: ನುಡಿ ಮತ್ತು ಟ್ಯಾಲಿ ಮರೆಯಬೇಡಿ

ಫೋಟೊ, ಡಾಕ್ಯುಮೆಂಟ್‌ಗಳನ್ನು ಎಲ್ಲರೂ ಉಳಿಸಿಕೊಳ್ಳುತ್ತಾರೆ. ತೊಂದರೆಯಾಗುವುದು ಎರಡು ಕಡೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದಕ್ಕಾಗಿ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ನಿಂದ ಆ ಫಾಂಟ್ ಫೈಲ್‌ಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ಮುಖ್ಯವಾದ ಕಡತಗಳನ್ನು ಈಗಲೇ ಯೂನಿಕೋಡ್‌ಗೆ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ. ಡೇಟಾ ಫೋಲ್ಡರ್ ನಕಲು ಮಾಡಿದರೆ ಸಾಲದು. ಲೈಸೆನ್ಸ್ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಫಾರ್ಮ್ಯಾಟ್ ಮಾಡುವ ಮೊದಲು ಟ್ಯಾಲಿಯೊಳಗೇ ಲೈಸೆನ್ಸ್ ಸರೆಂಡರ್ ಮಾಡಿ, ಹೊಸ ಡಿಸ್ಕ್‌ನಲ್ಲಿ ಮತ್ತೆ ಸಕ್ರಿಯಗೊಳಿಸಿಕೊಳ್ಳಬೇಕು.

ದೂಳು ತೆಗೆಯಿರಿ, ಸೆಲ್ ಬದಲಿಸಿ

ಖರ್ಚು ತೀರಾ ಕಡಿಮೆ, ಫಲ ಕೆಲವೊಮ್ಮೆ ಬೆರಗುಗೊಳಿಸುವಷ್ಟು. ಕೋರ್ ಟೆಂಪ್ ತಂತ್ರಾಂಶದಲ್ಲಿ ನೋಡಿದಾಗ ಕೆಲಸದ ಹೊತ್ತಿನಲ್ಲಿ ಪ್ರೊಸೆಸರ್ 85 ಡಿಗ್ರಿ ದಾಟುತ್ತಿದ್ದರೆ ಅದರ ಮೇಲಿನ ಕೂಲರ್ (ಫ್ಯಾನ್) ಸರಿಯಾಗಿ ಕೆಲಸ ಮಾಡುತ್ತಿಲ್ಲ. ಬಿಸಿ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಾತ್ರ ಕಂಪ್ಯೂಟರ್ ನಿಧಾನವಾಗುತ್ತದೆ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಪ್ಲಗ್ ತೆಗೆದು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಹೊರಹಾಕಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಮೆತ್ತನೆಯ ಬ್ರಶ್ ಮತ್ತು ಬ್ಲೋವರ್ ಸಾಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ತಲೆಯನ್ನು ಬಾಣದ ಗುರುತಿನತ್ತ ತಿರುಗಿಸಿ ಮೇಲೆತ್ತಿದರೆ ಕೂಲರ್ ಬಿಡಿಸಿಕೊಳ್ಳುತ್ತದೆ. ಬಿಸಿಯನ್ನು ಕೂಲರ್‌ಗೆ ದಾಟಿಸುವ, ಈಗ ಒಣಗಿದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್‌ನ ನಡುವೆ ಬಟಾಣಿ ಕಾಳಿಗಿಂತ ಚಿಕ್ಕದಾದಷ್ಟು ಹೊಸ ಥರ್ಮಲ್ ಪೇಸ್ಟ್ ಇಡಿ. ಕೂಲರ್ ಕೂರಿಸುವಾಗ ಪಿನ್‌ಗಳ ತಲೆಯನ್ನು ಮೊದಲು ಹಿಂದಿನ ಸ್ಥಿತಿಗೆ ತಿರುಗಿಸಿ, ಎದುರುಬದುರು ಮೂಲೆಗಳ ಪಿನ್‌ಗಳನ್ನು ಜೋಡಿಯಾಗಿ ಒತ್ತಿ. ನಾಲ್ಕರಿಂದಲೂ ಕ್ಲಿಕ್ ಸದ್ದು ಬರಬೇಕು. ಒಂದು ಪಿನ್ ಕೂರದಿದ್ದರೂ ಒಂದು ಮೂಲೆ ಎದ್ದು, ಯಂತ್ರ ಐದೇ ನಿಮಿಷದಲ್ಲಿ ಬಿಸಿಯೇರಿ ಆಫ್ ಆಗಬಹುದು.

ಮದರ್‌ಬೋರ್ಡ್‌ನ ಸಿಆರ್2032 ಸೆಲ್ಲನ್ನೂ ಬದಲಿಸಿ. ಅದು ಸತ್ತಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣಗಳು ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತವೆ. ಇಲ್ಲೊಂದು ಅಪಾಯವಿದೆ: ಸೆಲ್ ತೆಗೆದಾಗ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡ್‌ನೊಳಗಿನ ತಂತ್ರಾಂಶ) ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಮರಳುತ್ತವೆ. ಸಾಟಾ ಮೋಡ್ (ಬೋರ್ಡ್ ಡಿಸ್ಕ್‌ನೊಂದಿಗೆ ವ್ಯವಹರಿಸುವ ರೀತಿ) ಎಎಚ್‌ಸಿಐನಿಂದ ಐಡಿಇಗೆ ಅಥವಾ ಐಡಿಇಯಿಂದ ಎಎಚ್‌ಸಿಐಗೆ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಯಂತ್ರ ಕೆಟ್ಟಿತು ಎಂದುಕೊಳ್ಳಬೇಡಿ. ಸೆಲ್ ತೆಗೆಯುವ ಮೊದಲು ಬಯಾಸ್‌ನ ಆ ಪುಟದ ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಹಾಗೆಯೇ ಹೊಂದಿಸಿದರೆ ಸರಿಹೋಗುತ್ತದೆ.

ಮೊದಲ ಖರ್ಚು ಎಸ್‌ಎಸ್‌ಡಿಗೆ

ಕಾರಣ ಸರಳ ಲೆಕ್ಕದಲ್ಲಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಅರ್ಧ ಸುತ್ತಿಗೆ ಸುಮಾರು 4 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಓದುವ ತಲೆ ಜಾಗಕ್ಕೆ ಸರಿಯಲು ಇನ್ನೂ 8–9 ಮಿಲಿಸೆಕೆಂಡ್. ಅಂದರೆ ಚದುರಿದ ಚಿಕ್ಕ ಫೈಲ್‌ಗಳನ್ನು ಅದು ಸೆಕೆಂಡಿಗೆ 75–80 ಸಲ ಮಾತ್ರ ಹುಡುಕಿ ಓದಬಲ್ಲದು. ವಿಂಡೋಸ್ ಆನ್ ಆಗುವಾಗ ಇಂಥ ಸಾವಿರಾರು ಚಿಕ್ಕ ಫೈಲ್‌ಗಳನ್ನು ಕೇಳುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಉತ್ತರ ಬರುವುದು ಸುಮಾರು 0.1 ಮಿಲಿಸೆಕೆಂಡಿನಲ್ಲಿ. ಎಚ್61 ಬೋರ್ಡ್‌ನ ಚಿಪ್‌ಸೆಟ್ ಸಾಟಾ-2 (ಡಿಸ್ಕ್ ಸಂಪರ್ಕದ ಹಳೆಯ ಆವೃತ್ತಿ) ಮಾತ್ರ ಕೊಡುತ್ತದೆ, ಪೊಟ್ಟಣದ ಮೇಲಿನ ಸೆಕೆಂಡಿಗೆ 500 ಎಂಬಿ ವೇಗ ನಿಮಗೆ ಸಿಗುವುದಿಲ್ಲ, ಸುಮಾರು 270ಕ್ಕೆ ನಿಲ್ಲುತ್ತದೆ. ಅದರಿಂದ ಬೇಸರಪಡಬೇಕಿಲ್ಲ. ದಿನದ ಬಳಕೆಯಲ್ಲಿ ಅನುಭವಕ್ಕೆ ಬರುವುದು ಹುಡುಕುವ ವೇಗ.

ಕೊಳ್ಳಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ. ಅಗ್ಗಕ್ಕೆ ಸಿಕ್ಕಿತೆಂದು ಎನ್‌ವಿಎಂಇ ಡ್ರೈವ್ (ಹೊಸ ಬಗೆಯ ಎಸ್‌ಎಸ್‌ಡಿ) ಮತ್ತು ಪಿಸಿಐಇ ಅಡಾಪ್ಟರ್ ತರಬೇಡಿ. ಈ ಬೋರ್ಡ್‌ಗಳ ಬಯಾಸ್ ಅದರಿಂದ ಬೂಟ್ ಆಗುವುದಿಲ್ಲ. ನಂಬಲಾಗದ ಬೆಲೆಗೆ 2 ಟಿಬಿ ಎನ್ನುವ ಆನ್‌ಲೈನ್ ಡ್ರೈವ್‌ಗಳು ಸುಳ್ಳು ಸಾಮರ್ಥ್ಯ ತೋರಿಸುತ್ತವೆ, ತುಂಬಿದಂತೆ ಹಳೆಯ ಫೈಲ್‌ಗಳನ್ನು ನುಂಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನಲ್ಲಾಗಲಿ, ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಮೂರು ವರ್ಷದ ವಾರಂಟಿಗೆ ಅದೇ ಆಧಾರ. ಮೆಮೊರಿ ಚಿಪ್‌ಗಳ ಬೆಲೆ ಬೇಗ ಏರಿಳಿಯುತ್ತದೆ, ಎರಡು ಮೂರು ಕಡೆ ವಿಚಾರಿಸಿಯೇ ಕೊಳ್ಳಿ. ಒಂದು ಸಾಟಾ ಡೇಟಾ ಕೇಬಲ್ ಜೊತೆಗೆ ತನ್ನಿ. ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಸಾಟಾ ಪವರ್ ಕನೆಕ್ಟರ್ ಖಾಲಿ ಇಲ್ಲದಿದ್ದರೆ ನಾಲ್ಕು ಪಿನ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಬೇಕು. ವೈರುಗಳನ್ನು ಪ್ಲಾಸ್ಟಿಕ್‌ನೊಳಗೆ ಅಚ್ಚು ಹೊಯ್ದು ಮುಚ್ಚಿದ ಅಡಾಪ್ಟರ್‌ಗಳಲ್ಲಿ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಿದ ಉದಾಹರಣೆಗಳಿವೆ. ಹಿಂಬದಿಯಲ್ಲಿ ವೈರುಗಳನ್ನು ಒತ್ತಿ ಕೂರಿಸಿದ್ದು ಕಾಣುವಂಥದ್ದನ್ನೇ ಆರಿಸಿ.

ಬ್ರಾಕೆಟ್ ಇಲ್ಲದಿದ್ದರೆ ಎರಡು ಬದಿ ಅಂಟುವ ಟೇಪ್ ಸಾಕು. ಜೋಡಿಸಿದ ಮೇಲೆ ಬಯಾಸ್‌ಗೆ ಹೋಗಿ ಸಾಟಾ ಮೋಡ್ ಎಎಚ್‌ಸಿಐ ಮಾಡಿ, ಆಮೇಲೆ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿ. ಆ ಹೊತ್ತಿನಲ್ಲಿ ಹಳೆಯ ಹಾರ್ಡ್ ಡಿಸ್ಕ್‌ನ ಕೇಬಲ್ ಕಡ್ಡಾಯವಾಗಿ ಬಿಚ್ಚಿರಿ. ಎರಡೂ ಇದ್ದರೆ ವಿಂಡೋಸ್ ತನ್ನ ಬೂಟ್ ಫೈಲ್‌ಗಳನ್ನು ಹಳೆಯ ಡಿಸ್ಕ್‌ಗೇ ಬರೆದುಬಿಡಬಹುದು. ಮುಂದೆಂದೋ ಅದನ್ನು ತೆಗೆದ ದಿನ ಹೊಸ ಡ್ರೈವ್ ಕೂಡ ಆನ್ ಆಗುವುದಿಲ್ಲ. ವರ್ಷಗಳ ಕಸವಿರುವ ಹಳೆಯ ವಿಂಡೋಸನ್ನು ಹಾಗೇ ಎತ್ತಿ ಎಸ್‌ಎಸ್‌ಡಿಗೆ ಹಾಕುವ ಕ್ಲೋನಿಂಗ್‌ಗಿಂತ ಹೊಸದಾಗಿ ಹಾಕುವುದೇ ಮೇಲು.

ರ‍್ಯಾಮ್: ಒಟ್ಟು 8 ಜಿಬಿ ಸಾಕು

ಮೊದಲು ನಿಮ್ಮ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಿಕೊಳ್ಳಿ. 32 ಬಿಟ್ ಆಗಿದ್ದರೆ 8 ಜಿಬಿ ಹಾಕಿದರೂ ಅದು ಬಳಸುವುದು ಮೂರು ಜಿಬಿ ಚಿಲ್ಲರೆ ಮಾತ್ರ. ಎಚ್61 ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇರುತ್ತವೆ, ಗರಿಷ್ಠ 16 ಜಿಬಿ. 4 ಜಿಬಿಯ ಎರಡು ಕಡ್ಡಿಗಳನ್ನು ಹಾಕಿದರೆ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ ಹೆಚ್ಚು ವೇಗದಲ್ಲಿ ಓಡುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ವಿಡಿಯೊ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುವುದರಿಂದ ಅದರ ಲಾಭ ಎದ್ದು ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಳ್ಳಲು ಹೆದರಬೇಕಿಲ್ಲ. ಆದರೆ 240 ಪಿನ್‌ನ ಡೆಸ್ಕ್‌ಟಾಪ್ ಡಿಡಿಆರ್3 ಎಂದೇ ಕೇಳಿ. ಲ್ಯಾಪ್‌ಟಾಪ್‌ನದು ಗಿಡ್ಡ, ಕೂರುವುದೇ ಇಲ್ಲ. ‘ಎಎಂಡಿಗೆ ಮಾತ್ರ’ ಎಂದು ಅಗ್ಗಕ್ಕೆ ಮಾರುವ ಕಡ್ಡಿಗಳು ಇಂಟೆಲ್ ಬೋರ್ಡ್‌ನಲ್ಲಿ ಕೆಲಸ ಮಾಡುವುದಿಲ್ಲ. ಸ್ಲಾಟ್‌ನ ಕ್ಲಿಪ್ ತೆರೆದು, ಕಚ್ಚು ಹೊಂದಿಸಿ, ಎರಡೂ ತುದಿ ಕ್ಲಿಕ್ ಎನ್ನುವವರೆಗೆ ಒತ್ತಿ. ಆನ್ ಮಾಡಿದಾಗ ಪರದೆ ಕಪ್ಪಾಗಿದ್ದು ಬೀಪ್ ಸದ್ದು ಮಾತ್ರ ಬಂದರೆ ಬಿಚ್ಚಿ, ಬಂಗಾರದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ ಮತ್ತೆ ಹಾಕಿ. ಆಗಲೂ ಬರದಿದ್ದರೆ ಒಂದೊಂದೇ ಕಡ್ಡಿಯನ್ನು ಒಂದೊಂದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ. ಬಂದ ಮೇಲೆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಆ ಕಡ್ಡಿಯನ್ನು ಹಿಂದಿರುಗಿಸಿ.

ವಿಂಡೋಸೋ ಲಿನಕ್ಸೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಕೊಡುವುದಾಗಿ ಕಂಪನಿ ಪ್ರಕಟಿಸಿತ್ತು. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿದ್ದರೂ ಬ್ಯಾಂಕಿಂಗ್ ಮಾಡುವ, ಗ್ರಾಹಕರ ಆಧಾರ್ ಪ್ರತಿ ಇಟ್ಟುಕೊಳ್ಳುವ ಯಂತ್ರದಲ್ಲಿ ಅದನ್ನು ಮಾಡುವುದು ಸರಿಯಲ್ಲ.

ಟ್ಯಾಲಿಯ ಅಗತ್ಯವಿಲ್ಲದವರಿಗೆ ವಿಂಡೋಸ್ ಬದಲಿಗೆ ಹಾಕುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಒಳ್ಳೆಯ ಆಯ್ಕೆ. ಉಚಿತ, ಹಗುರ, 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ನಿಮ್ಮ ಪ್ರಿಂಟರ್ ಕೆಲಸ ಮಾಡುತ್ತದೆಯೇ ಪರೀಕ್ಷಿಸಿದ ಮೇಲೆ ಹಾಕಿಕೊಳ್ಳಿ. ಕನ್ನಡ ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಕೀಲಿಮಣೆಗಳ ಪಟ್ಟಿಯಲ್ಲಿ ಕೆಜಿಪಿ ಆರಿಸಿದರೆ ನುಡಿಯ ವಿನ್ಯಾಸವೇ ಸಿಗುತ್ತದೆ. ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ.

ಪ್ರೊಸೆಸರ್ ಕೊನೆಗೆ, ಬೇಕಿದ್ದರೆ ಮಾತ್ರ

ಇಷ್ಟಾದ ಮೇಲೂ ಸಿಪಿಯು 100ರಲ್ಲೇ ನಿಂತರೆ ಎರಡು ಕೋರ್‌ನ ಐ3 ತೆಗೆದು ನಾಲ್ಕು ಕೋರ್‌ನ ಐ5-3470 ಹಾಕಬಹುದು. ಎರಡಕ್ಕೂ ಎಲ್‌ಜಿಎ1155 ಸಾಕೆಟ್, ಬಳಸಿದ್ದು ಕಡಿಮೆಗೆ ಸಿಗುತ್ತದೆ. ‘ಕೆ’ ಅಕ್ಷರದ ಮಾದರಿಗೆ ಹೆಚ್ಚು ಕೊಡಬೇಡಿ. ಎಚ್61ರಲ್ಲಿ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗಕ್ಕೆ ಏರಿಸುವುದು) ಆಗುವುದಿಲ್ಲ. ಮದರ್‌ಬೋರ್ಡ್ ತಯಾರಕರ ಪುಟದಲ್ಲಿ ಆ ಪ್ರೊಸೆಸರ್‌ನ ಹೆಸರಿದೆಯೇ, ಯಾವ ಬಯಾಸ್ ಆವೃತ್ತಿ ಬೇಕು ನೋಡಿ, ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ, ಯುಪಿಎಸ್ ಬ್ಯಾಟರಿ ಗಟ್ಟಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಸೂಕ್ಷ್ಮ ಪಿನ್‌ಗಳಿರುವುದು ಸಾಕೆಟ್‌ನಲ್ಲಿ. ಒಂದು ಬಾಗಿದರೂ ಬೋರ್ಡ್ ಹೋದಂತೆಯೇ. ಚಿನ್ನದ ತ್ರಿಕೋನದ ಗುರುತು ಹೊಂದಿಸಿ ಮೇಲಿನಿಂದ ನೇರವಾಗಿ ಇಳಿಸಿ, ತಳ್ಳಬೇಡಿ.

ಖರ್ಚಿಗೊಂದು ಗೆರೆ ಹಾಕಿಕೊಳ್ಳಿ. ಕಚೇರಿಗಳಿಂದ ಬಂದ, 8ನೇ ತಲೆಮಾರಿನ ಕೋರ್ ಐ5ನ ರಿಫರ್ಬಿಶ್ಡ್ ಡೆಸ್ಕ್‌ಟಾಪ್‌ನ ಬೆಲೆ ಕೇಳಿ ತಿಳಿದುಕೊಳ್ಳಿ. ನಿಮ್ಮ ಒಟ್ಟು ಖರ್ಚು ಅದರ ಅರ್ಧ ಮುಟ್ಟುವಂತಿದ್ದರೆ ಎಸ್‌ಎಸ್‌ಡಿಗೆ ನಿಲ್ಲಿಸಿ, ಉಳಿದ ಹಣ ಕೂಡಿಡಿ. ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡ್ ಕೆಟ್ಟಿದ್ದರೂ ಇದೇ ಮಾತು. ಬೋರ್ಡ್ ಬದಲಿಸಿದರೆ ಅದಕ್ಕೆ ಅಂಟಿಕೊಂಡ ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಕೂಡ ಕೈಬಿಡಬಹುದು.

ಹಳೆಯ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಬ್ಯಾಕಪ್‌ಗೆಂದು ಒಳಗೇ ಇರಲಿ. ಮಾರುವುದಾದರೆ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಎದುರಿನ ಗುರುತು ತೆಗೆಯಿರಿ. ಆಗ ಡಿಸ್ಕ್ ತುಂಬ ಸೊನ್ನೆಗಳನ್ನು ಬರೆಯುತ್ತದೆ; 500 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಡಿಸ್ಕ್‌ನಲ್ಲಿ ಸಿ, ಡಿ ಎಂದು ಎರಡು ಮೂರು ಭಾಗಗಳಿದ್ದರೆ ಪ್ರತಿಯೊಂದನ್ನೂ ಹೀಗೆಯೇ ಮಾಡಿ. ಕ್ವಿಕ್ ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಫೋಟೊ, ಗುರುತಿನ ಚೀಟಿಗಳನ್ನು ಮರಳಿ ತೆಗೆಯಲು ಒಂದು ಉಚಿತ ತಂತ್ರಾಂಶ ಸಾಕು.